ಹುಟ್ಟಿದ ಮನೆ, ಕೊಟ್ಟ ಮನೆ, ಕಟ್ಟಿದ ಮನೆ



ಮಗನೊಬ್ಬ ತಾಯಿಯ ಹೆಸರಿನಲ್ಲಿ ಇಟ್ಟ ದತ್ತಿಯ ಉಪನ್ಯಾಸ ಇದು. ಆಹ್ವಾನ ಪತ್ರಿಕೆ ಕೈಗೆ ಬಂದಾಗ ನನ್ನ ಕಣ್ಣು ನಿಂತದ್ದು 'ದತ್ತಿ' ಎಂಬ ಆ ಹಳೆಯ ಮಾತಿನ ಮೇಲೆ. ನಮ್ಮ ಸೀಮೆಯ ಸಾವಿರ ವರ್ಷದ ಶಾಸನಗಳಲ್ಲಿ ಕೆರೆಗೆ ಬಿಟ್ಟ ಗದ್ದೆ, ದೀಪಕ್ಕೆ ಬಿಟ್ಟ ಎಣ್ಣೆ, ಓದುವ ಮಕ್ಕಳ ಊಟಕ್ಕೆ ಬಿಟ್ಟ ಮತ್ತರು ಎಲ್ಲವೂ ದತ್ತಿಯೇ. ಹಾಗೆ ಬಿಟ್ಟವರಲ್ಲಿ ಹೆಣ್ಣುಮಕ್ಕಳು ಕಡಿಮೆಯಿಲ್ಲ. ಕೊಡುವವಳಾಗಿ ಹೆಣ್ಣಿನ ಹೆಸರು ಕಲ್ಲಿನ ಮೇಲೆ ಧಾರಾಳವಾಗಿ ಸಿಗುತ್ತದೆ.

ಆದರೆ ಆಡುಮಾತಿಗೆ ಬಂದರೆ ಲೆಕ್ಕವೇ ಬೇರೆ. ಕನ್ನಡದಲ್ಲಿ ಹೆಣ್ಣಿಗೆ ಎರಡು ಮನೆ: ಹುಟ್ಟಿದ ಮನೆ, ಕೊಟ್ಟ ಮನೆ. 'ಕೊಟ್ಟ ಮನೆ' ಎಂದರೆ ಅವಳು ಕೊಟ್ಟದ್ದಲ್ಲ, ಅವಳನ್ನು ಕೊಟ್ಟದ್ದು. 'ಕಟ್ಟಿದ ಮನೆ' ಎಂಬ ಮೂರನೆಯದು ಈ ಜೋಡಿಯ ಪಕ್ಕದಲ್ಲಿ ಬಂದು ಕೂರಲೇ ಇಲ್ಲ. ಹಳೆಯ ಮನೆಗಳ ಅಳತೆ ತೆಗೆಯುತ್ತ ಊರೂರು ತಿರುಗಿದವಳು ನಾನು. ಕಟ್ಟಿಸಿದವರು ಯಾರೆಂದು ಕೇಳಿದರೆ ಎಲ್ಲ ಕಡೆ ಮುತ್ತಜ್ಜನ ಹೆಸರೇ ಬರುತ್ತದೆ. ಮುತ್ತಜ್ಜಿಯ ಪಾಲೇನು ಎಂದು ಎರಡನೆಯ ಪ್ರಶ್ನೆ ಹಾಕಿದಾಗ ಮಾತ್ರ ಒಳಗಿನಿಂದ ಯಾರೋ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಡಸಾಲೆಯ ಕಂಬಕ್ಕೆ ಒರಗಿ ನಿಲ್ಲುತ್ತಾರೆ. ಅಲ್ಲಿಂದ ಮುಂದೆ ಕೇಳಿದ್ದೇ ಈ ಉಪನ್ಯಾಸದ ಬೀಜ.

ದೇವರಿಗೆ ಕೊಟ್ಟ ಮನೆ

ಪಟ್ಟದಕಲ್ಲಿನಿಂದ ಶುರು ಮಾಡೋಣ. ಇಂದು ನಾವು ವಿರೂಪಾಕ್ಷ ಎಂದು ಕರೆಯುವ ಗುಡಿಯ ಮೂಲ ಹೆಸರು ಲೋಕೇಶ್ವರ. ಎಂಟನೆಯ ಶತಮಾನದ ನಡುಭಾಗದಲ್ಲಿ ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಅದನ್ನು ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು, ಆಗ ಅದು ತ್ರೈಲೋಕ್ಯೇಶ್ವರ. ಒಂದೇ ಅಂಗಳದಲ್ಲಿ ಎರಡು ದೊಡ್ಡ ಗುಡಿ, ಎರಡೂ ಕಟ್ಟಿಸಿದ ಹೆಣ್ಣಿನ ಹೆಸರು ಹೊತ್ತವು. ಜನರ ಬಾಯಲ್ಲಿ ಆ ಹೆಸರುಗಳು ಉಳಿಯಲಿಲ್ಲ, ಕಲ್ಲಿನಲ್ಲಿ ಉಳಿದವು.

ಲೋಕೇಶ್ವರದ ಶಾಸನಗಳು ಕಟ್ಟಿದವರ ಹೆಸರನ್ನೂ ಮರೆತಿಲ್ಲ. ಅನಿವಾರಿತಾಚಾರಿ ಎಂಬ ಬಿರುದಿನ ಗುಂಡನಿಗೆ ರಾಣಿಯ ಈ ಕೆಲಸಕ್ಕಾಗಿ ತ್ರಿಭುವನಾಚಾರಿ ಎಂಬ ಹೆಸರು ಬಂತು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, ತೆಂಕಣ ನಾಡಿನ ಸೂತ್ರಧಾರಿ. ಅವನನ್ನು ಹೊಗಳುವಾಗ ಶಾಸನ ಗುಡಿಯಷ್ಟಕ್ಕೇ ನಿಲ್ಲುವುದಿಲ್ಲ. ಮನೆ, ಮಾಡ, ವಾಹನ, ಕೂರುವ ಪೀಠ, ಮಲಗುವ ಮಂಚ, ಕಿರೀಟ ಎಲ್ಲದರಲ್ಲೂ ಅವನ ಕೈ ಪಳಗಿತ್ತು ಎನ್ನುತ್ತದೆ. ರಾಣಿಯ ಗುಡಿಗೆ ಬಂದ ಆ ಕೈ ಮಂಚವನ್ನೂ ಮಾಡುತ್ತಿತ್ತು ಎಂದಮೇಲೆ ರಾಣಿಯ ಅಂತಃಪುರದೊಳಕ್ಕೆ ಅದು ಬಂದಿರಲಿಲ್ಲವೆ, ಮಂಚದ ಎತ್ತರ ಎಷ್ಟಿರಬೇಕೆಂದು ಅಲ್ಲಿ ಯಾರು ಹೇಳಿದರು ಎಂದು ನಾನು ಯೋಚಿಸಿದ್ದಿದೆ.

ಗದಗ ದಾಟಿದರೆ ಲಕ್ಕುಂಡಿ. ಅಲ್ಲಿನ ಬ್ರಹ್ಮಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಗಂಡ ನಾಗದೇವ ಯುದ್ಧದಲ್ಲಿ ತೀರಿಕೊಂಡಾಗ ಅವನ ಇನ್ನೊಬ್ಬ ಹೆಂಡತಿಯಾಗಿದ್ದ ತಂಗಿ ಗುಂಡಮಬ್ಬೆ ಚಿತೆ ಏರಿದಳು. ಮಗನನ್ನು ಸಾಕಲು ಉಳಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು, ರನ್ನನಿಂದ ಅಜಿತಪುರಾಣ ಬರೆಯಿಸಿದಳು, ಬಸದಿಗಳನ್ನು ಎಬ್ಬಿಸಿದಳು. ಅವುಗಳ ಸಂಖ್ಯೆ ಸಾವಿರದೈನೂರು ಎನ್ನುವುದು ಪರಂಪರೆಯ ಮಾತು. ಅದರಲ್ಲಿ ಹೊಗಳಿಕೆಯ ಪಾಲು ಎಷ್ಟೇ ಇರಲಿ, ಲಕ್ಕುಂಡಿಯ ಬಸದಿ ಕಣ್ಣೆದುರಿಗಿದೆ. ಹಾಗಾದರೆ ಅತ್ತಿಮಬ್ಬೆ ಇದ್ದ ಮನೆ ಎಲ್ಲಿ? ಒಂದು ಗೋಡೆಯೂ ಉಳಿದಿಲ್ಲ. ಕಾರಣ ಸರಳ: ದೇವರಿಗೆ ಕಲ್ಲು, ಮನುಷ್ಯರಿಗೆ ಮಣ್ಣು-ಮರ ಎಂಬುದು ಅಂದಿನ ರೂಢಿ. ಅರಸರ ಅರಮನೆಗಳೂ ಹಾಗೆಯೇ ಮಣ್ಣುಪಾಲಾದವು.

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಗುಡಿಗೆ ಕೊಟ್ಟದ್ದು ಕೊಟ್ಟು ಮುಗಿಯಿತು, ಅದಕ್ಕೆ ದಾಯಾದಿಗಳ ತಂಟೆಯಿಲ್ಲ. ಕೆಡಿಸಿದವರಿಗೆ ಕಾಶಿಯಲ್ಲಿ ಕವಿಲೆಯ ಕೊಂದ ಪಾಪ ಎಂದು ಶಾಸನವೇ ಕಾವಲು ನಿಲ್ಲುತ್ತದೆ. ವಾಸದ ಮನೆ ಹಾಗಲ್ಲ. ಅದು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹರಿಯುವ ನೀರು. ಹೆಣ್ಣು ಆ ನೀರಿನ ದಂಡೆಯ ಮೇಲೆ ನಿಂತವಳು. ದಾನಕ್ಕೆ ಅವಳ ಕೈ ಮುಂದು, ವಾಸಕ್ಕೆ ಅವಳ ಹೆಸರು ಹಿಂದು. ಈ ಎರಡರ ನಡುವಿನ ಅಂತರವನ್ನು ಅಳೆಯುವುದೇ ನನ್ನ ಇಂದಿನ ಕೆಲಸ.

ಹೆಸರು ಮಾತ್ರ ಹೆಣ್ಣಿನದು

ಇದರ ತಿರುವು ಮುರುವೂ ಇದೆ. ಹಂಪಿಗೆ ಹೋದವರಿಗೆಲ್ಲ ಗೈಡುಗಳು ರಾಣಿಯರ ಸ್ನಾನಗೃಹ ತೋರಿಸುತ್ತಾರೆ, ಜನಾನಾ ಆವರಣದೊಳಗೆ ಕಮಲ ಮಹಲು ತೋರಿಸುತ್ತಾರೆ. ಇವೆಲ್ಲ ಊರು ಹಾಳಾದ ಎಷ್ಟೋ ಕಾಲದ ಮೇಲೆ ಬಿದ್ದ ಹೆಸರುಗಳು. ಆ ಕೊಳ ರಾಣಿಯರದೇ ಎನ್ನಲು ಪುರಾವೆ ಇಲ್ಲ. ಚೆಂದದ ಕಮಾನು, ನಯವಾದ ಗಾರೆ ಕಂಡರೆ ಅದು ಹೆಂಗಸರದೇ ಇರಬೇಕೆಂದು ಯಾರೋ ಊಹಿಸಿದರು, ಊಹೆಯೇ ಫಲಕವಾಯಿತು. ಹೆಣ್ಣು ಕಟ್ಟಿಸಿದ ಗುಡಿಗೆ ಅವಳ ಹೆಸರು ತಪ್ಪಿಹೋಯಿತು, ಅವಳಿಗೆ ಸೇರಿದ್ದೋ ಇಲ್ಲವೋ ತಿಳಿಯದ ಕೊಳಕ್ಕೆ ಅವಳ ಹೆಸರು ಅಂಟಿಕೊಂಡಿತು.

ನಮ್ಮ ಓಣಿಗಳಲ್ಲೂ ನೋಡಿ. ಮಾಳಮಡ್ಡಿ, ಸಪ್ತಾಪುರ, ವಿದ್ಯಾನಗರಗಳಲ್ಲಿ ಒಂದು ಸುತ್ತು ಹಾಕಿದರೆ ಗೇಟಿನ ಮೇಲೆ 'ಮಾತೃಛಾಯಾ', 'ಮಾತೃಕೃಪಾ', 'ಅವ್ವ' ಎಂಬ ಹೆಸರುಗಳು ಎಷ್ಟು ಸಿಗುತ್ತವೆ! ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ 'ಶ್ರೀಮಾತಾ'. ತಾಯಿಯ ಹೆಸರನ್ನೇ ಕಾವ್ಯನಾಮದೊಳಗೆ ಹೊತ್ತ ಕವಿಗೆ ಅದು ಒಪ್ಪುವ ಮಾತು. ಉಳಿದ ನಮ್ಮ ಮನೆಗಳ ಉತಾರ ತೆಗೆಸಿ ನೋಡಬೇಕು. ಗೇಟಿನ ಮೇಲೆ ಅವ್ವ, ಉತಾರದಲ್ಲಿ ಅಪ್ಪ.

ವಾಡೆಯೂ ದತ್ತಕವೂ

ಧಾರವಾಡದಿಂದ ಬೆಳಗಾವಿ ದಾರಿಯಲ್ಲಿ ಹೊರಟರೆ ಹತ್ತಿರವೇ ಕಿತ್ತೂರು. ಕೋಟೆಯೊಳಗಿನ ವಾಡೆಯನ್ನು ಕಟ್ಟಿಸಿದ ಕೀರ್ತಿ ಹದಿನೇಳನೆಯ ಶತಮಾನದ ಅಲ್ಲಪ್ಪಗೌಡ ಸರದೇಸಾಯಿಯದು. ಇಂದು ಮೇಲ್ಛಾವಣಿಯಿಲ್ಲದ ಗೋಡೆಗಳ ನಡುವೆ ಓಡಾಡಿದರೂ ಮನೆಯ ಓದು ಸಿಗುತ್ತದೆ: ಸಭೆಯ ಅಂಗಳ, ಅತಿಥಿಗಳ ಕೋಣೆ, ಊಟದ ಪಡಸಾಲೆ, ಅಡುಗೆಮನೆ, ಬಚ್ಚಲು, ಬಾವಿ. ಈ ಮನೆಯನ್ನು ಚೆನ್ನಮ್ಮ ಕಟ್ಟಿಸಲಿಲ್ಲ. ಆದರೆ ಇದು ಯಾರಿಗೆ ಸೇರಬೇಕೆಂಬ ಪ್ರಶ್ನೆಗೆ ಕತ್ತಿ ಹಿಡಿದವಳು ಅವಳೇ.

1816ರಲ್ಲಿ ಗಂಡ ಮಲ್ಲಸರ್ಜ ತೀರಿಕೊಂಡ. 1824ರ ಸೆಪ್ಟೆಂಬರಿನಲ್ಲಿ ಸವತಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನೂ ಹೋದ. ದತ್ತಕಕ್ಕೆ ಬಂದ ಶಿವಲಿಂಗಪ್ಪನನ್ನು ಕುಂಪಣಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ವಾಡೆಯ ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದುಕೊಂಡು ಬಂದ ಪಡೆಯ ಎದುರು ಅವನೇ ಬಿದ್ದ. ಡಿಸೆಂಬರಿನಲ್ಲಿ ಕೋಟೆ ಸೋತಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ಕಣ್ಣು ಮುಚ್ಚಿದಳು.

ನಾವು ಈ ಕಥೆಯನ್ನು ಸ್ವಾತಂತ್ರ್ಯದ ಕಥೆಯಾಗಿ ಹೇಳುತ್ತೇವೆ, ಹೇಳಲೇಬೇಕು. ಮನೆಯ ಇತಿಹಾಸ ಬರೆಯುವವಳಿಗೆ ಅದರೊಳಗೆ ಇನ್ನೊಂದು ಮಾತು ಕೇಳುತ್ತದೆ. ಅಷ್ಟು ದೊಡ್ಡ ಸಂಸ್ಥಾನವನ್ನು ನಡೆಸುವ ತಾಕತ್ತಿದ್ದ ಹೆಂಗಸಿಗೂ 'ಈ ವಾಡೆ ನನ್ನದು' ಎನ್ನಲು ಬರುತ್ತಿರಲಿಲ್ಲ. 'ಈ ವಾಡೆ ನಮ್ಮ ದತ್ತುಮಗನದು' ಎನ್ನಬೇಕಿತ್ತು. ದತ್ತಿ ಎಂಬಲ್ಲಿ ಹೆಣ್ಣು ಕೊಡುವವಳು, ದತ್ತಕ ಎಂಬಲ್ಲಿ ಮನೆ ಉಳಿಸಿಕೊಳ್ಳಲು ಗಂಡುಮಗುವನ್ನು ಪಡೆಯಬೇಕಾದವಳು. ಎರಡು ಮಾತಿಗೂ ಬೇರು ಒಂದೇ.

ಸುಟ್ಟ ಅರಮನೆಯನ್ನು ಕಟ್ಟಿಸಿದವರು

ಈಗ ನಾಡಿನಲ್ಲೇ ಎಲ್ಲಕ್ಕಿಂತ ಹೆಚ್ಚು ಜನ ನೋಡುವ ಮನೆಗೆ ಬರುತ್ತೇನೆ. ಮೈಸೂರಿನ ಅಂಬಾವಿಲಾಸ ಅರಮನೆಯನ್ನು ಕಟ್ಟಿಸಿದವರು ಯಾರು ಎಂದು ಶಾಲೆಯ ಮಕ್ಕಳನ್ನು ಕೇಳಿ. 'ಒಡೆಯರು' ಎನ್ನುತ್ತಾರೆ. ಸ್ವಲ್ಪ ಓದಿದವರು 'ಹೆನ್ರಿ ಇರ್ವಿನ್' ಎನ್ನುತ್ತಾರೆ. ಎರಡೂ ತಪ್ಪಲ್ಲ. ಎರಡೂ ಪೂರ್ತಿಯಲ್ಲ.

1894ರ ಕೊನೆಯಲ್ಲಿ ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತದಲ್ಲಿ ತೀರಿಕೊಂಡರು. ಮಗ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ರೀಜೆಂಟರಾದರು, ವಯಸ್ಸು ಮೂವತ್ತೂ ಆಗಿರಲಿಲ್ಲ. 1897ರ ಫೆಬ್ರುವರಿಯಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆ ನಡೆಯುತ್ತಿದ್ದಾಗ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಗಂಡನನ್ನು ಕಳಕೊಂಡು ಮೂರು ವರ್ಷ ತುಂಬಿಲ್ಲ, ಮಗಳ ಮದುವೆಯ ಚಪ್ಪರ ಬಿಚ್ಚಿಲ್ಲ, ಇದ್ದ ಮನೆ ಬೂದಿ. ಅರಸು ಮನೆತನ ಜಗನ್ಮೋಹನ ಅರಮನೆಗೆ ಸರಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಅರಮನೆಯ ಕೆಲಸ ಶುರುವಾಯಿತು. ಶಿಮ್ಲಾದ ವೈಸ್‌ರಾಯ್ ನಿವಾಸದ ಶಿಲ್ಪಿ ಇರ್ವಿನ್‌ರನ್ನು ಕರೆಸಿಕೊಂಡದ್ದು ಇವರ ಆಡಳಿತದಲ್ಲಿ. 1912ರಲ್ಲಿ ಮುಗಿದಾಗ ಖರ್ಚು 41,47,913 ರೂಪಾಯಿ. ಅಷ್ಟರಲ್ಲಿ, 1902ರಲ್ಲಿ, ಆಡಳಿತ ಮಗನ ಕೈಗೆ ಹೋಗಿತ್ತು.

ಈ ಅರಮನೆಯ ಒಳಗೆ ಬೆಂಕಿಯ ನೆನಪು ಎಲ್ಲ ಕಡೆ ಇದೆ. ಮರದ ಜಾಗದಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣ. ಸುಟ್ಟುಹೋದ ಅರಮನೆಯ ಚೌಕಟ್ಟನ್ನೇ ನೆಲದ ಮೇಲೆ ಉಳಿಸಿಕೊಂಡು, ಅದರ ಮೇಲೆ ಸುಡದ ಮನೆಯನ್ನು ಎಬ್ಬಿಸಿದ್ದಾರೆ. ಎಂಟು ಮೂಲೆಯ ಕಲ್ಯಾಣಮಂಟಪದಲ್ಲಿ ಗ್ಲಾಸ್ಗೋದಿಂದ ಬಂದ ಎರಕದ ಕಂಬಗಳು, ಮೇಲೆ ನವಿಲಿನ ಬಣ್ಣದ ಗಾಜು. ಮದುವೆಯ ಹೊತ್ತಿನಲ್ಲೇ ಮನೆ ಸುಟ್ಟುಹೋದ ತಾಯಿಯೊಬ್ಬಳ ಕಾಲದಲ್ಲಿ ಎದ್ದ ಮದುವೆಯ ಮಂಟಪ ಅದು ಎಂದು ತಿಳಿದು ನಿಂತರೆ ಆ ಕಬ್ಬಿಣದ ಕಂಬಗಳು ಬೇರೆಯೇ ಮಾತಾಡುತ್ತವೆ.

ಇನ್ನೊಂದು ಚೋದ್ಯ ಇದೆ. ಆ ಮದುಮಗಳಿಗಾಗಿ 1905ರ ಹೊತ್ತಿಗೆ ಎದ್ದ ಜಯಲಕ್ಷ್ಮೀವಿಲಾಸ ಇಂದು ಮಾನಸಗಂಗೋತ್ರಿಯ ಒಳಗಿದೆ. ಅದರೊಳಗೆ ಮುಂದೆ ಜಾನಪದ ವಸ್ತುಸಂಗ್ರಹಾಲಯ ಬಂತು. ರಾಜಕುಮಾರಿಯ ಮನೆಯಲ್ಲಿ ರೈತರ ಮನೆಗಳ ಪಾತ್ರೆ-ಪರಡಿ ಮನೆ ಮಾಡಿಕೊಂಡವು.

ಮೈಸೂರಿನ ಅರಮನೆಯನ್ನು ಇಂಗ್ಲೆಂಡಿನ ಒಂದು ಮನೆಯ ಪಕ್ಕದಲ್ಲಿಟ್ಟು ನೋಡಬಹುದು. ಡರ್ಬಿಶೈರಿನ ಹಾರ್ಡ್‌ವಿಕ್ ಹಾಲನ್ನು 1590ರಿಂದ 1597ರ ನಡುವೆ ಕಟ್ಟಿಸಿದವಳು ಶ್ರೂಸ್‌ಬರಿಯ ಎಲಿಜಬೆತ್, ಜನ ಕರೆಯುವುದು ಬೆಸ್ ಎಂದು. ನಾಲ್ಕನೆಯ ಗಂಡ ತೀರಿಕೊಂಡದ್ದೂ ಅದೇ 1590ರಲ್ಲಿ. ಗಂಡನಿರುವ ತನಕ ಅಲ್ಲಿನ ಕಾನೂನಿನಲ್ಲಿ ಹೆಂಡತಿಯ ಆಸ್ತಿ ಅವನ ಕೈಯೊಳಗೆ, ವಿಧವೆಯಾದ ಮೇಲೆ ಅವಳದು ಅವಳಿಗೆ. ಬೆಸ್ ತನ್ನ ಹೆಸರಿನ ಮೊದಲ ಅಕ್ಷರಗಳನ್ನು ಮನೆಯ ಗೋಪುರಗಳ ನೆತ್ತಿಯ ಮೇಲೆ ಆಳೆತ್ತರದ ಕಲ್ಲಿನಲ್ಲಿ ಕೊರೆಯಿಸಿ ನಿಲ್ಲಿಸಿದಳು, ಹರದಾರಿ ದೂರಕ್ಕೆ ಕಾಣಬೇಕು. ಕೆಂಪನಂಜಮ್ಮಣ್ಣಿಯವರೂ ವಿಧವೆಯೇ, ಅಧಿಕಾರವೂ ಇತ್ತು. ಆದರೆ ಕಟ್ಟಿಸಿದ್ದು ಮಗನ ಪರವಾಗಿ. ಹೀಗಾಗಿ ಊರಿಗೆಲ್ಲ ಗೊತ್ತಿರುವ ಮನೆಯ ಮೇಲೆ ಅವರ ಹೆಸರನ್ನು ಹುಡುಕಬೇಕಾಗುತ್ತದೆ.

ಗೌಂಡಿಯನ್ನು ಒಲೆಯ ಮುಂದೆ ಕೂರಿಸಿದ ಅಜ್ಜಿ

ರಾಣಿಯರ ಮಾತಾಯಿತು. ಹಣ, ಅಧಿಕಾರ ಇದ್ದವರು ಕಟ್ಟಿಸುತ್ತಾರೆ. ಆದರೆ ಮನೆಯ ರೂಪವನ್ನು ಗೊತ್ತುಮಾಡಿದವರು? ಇದಕ್ಕೆ ನಾನು ನಮ್ಮ ಅಜ್ಜಿಯ ಅಡುಗೆಮನೆಗೆ ಹೋಗಬೇಕು. ಊರು ಧಾರವಾಡದ ಕರಿಮಣ್ಣಿನ ಕಡೆಯದು, ಮನೆ ಜಂತಿಯದು. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಹಲಗೆ, ಮೇಲೆ ಮಣ್ಣಿನ ಮಾಳಿಗೆ. ಮುಂದೆ ಕಟ್ಟೆ, ತಲಬಾಗಿಲು, ಪಡಸಾಲೆ, ನಡುಮನೆ, ಆಮೇಲೆ ಅಡುಗೆಮನೆ, ಹಿತ್ತಲು. ನಾನು ಎಂಟೊಂಬತ್ತು ವರ್ಷದವಳಿದ್ದಾಗ ಅಡುಗೆಮನೆಯ ಗೋಡೆ ಮಳೆಗೆ ಕುಸಿದು, ಹೊಸದಾಗಿ ಎಬ್ಬಿಸುವ ಕೆಲಸ ನಡೆದಿತ್ತು. ಅಡುಗೆಮನೆಗೂ ನಡುಮನೆಗೂ ನಡುವೆ ಒಂದು ಕಿಡಕಿ ಇಡಬೇಕು. ಗೌಂಡಿ ತನ್ನ ರೂಢಿಯಂತೆ ನಿಂತವರ ಎದೆಮಟ್ಟಕ್ಕೆ ದಾರ ಕಟ್ಟಿದ್ದ.

ಅಜ್ಜಿ ಬಂದು ದಾರ ನೋಡಿದಳು. ಏನೂ ಅನ್ನದೆ ಹಳೆಯ ಒಲೆಯ ಮುಂದೆ ಮಣೆ ಹಾಕಿದಳು.

'ಏ ತಮ್ಮಾ, ಇಲ್ಲಿ ಬಂದ ಕುಂದರು.'

ಗೌಂಡಿ ಕೈಯ ಮಣ್ಣು ಕೊಡವಿಕೊಂಡು ಕೂತ.

'ಈಗ ತಲಿ ಎತ್ತಿ ನೋಡು. ತಲಬಾಗಲಾ ಕಾಣಸ್ತದೇನು?'

'ಇಲ್ರೀ ಅವ್ವಾರ. ಗ್ವಾಡಿ ಕಾಣತೈತಿ.'

'ನಾ ದಿನಾ ಕುಂದರೂದು ಇಲ್ಲೇ. ರೊಟ್ಟಿ ಬಡಿಯೂ ಮುಂದ ಯಾರ ಬಂದ್ರು, ಯಾರ ಹ್ವಾದ್ರು ನನಗ ಕಾಣಬೇಕಲ್ಲಪಾ.'

ದಾರ ಇಳಿಯಿತು. ಒಂದು ಗೇಣು ಸಾಲಲಿಲ್ಲ, ಒಂದೂವರೆ ಗೇಣು. ಆಮೇಲೆ ಅಜ್ಜಿ ತಾನೇ ಮಣೆಯ ಮೇಲೆ ಕೂತು, ಇಲ್ಲದ ರೊಟ್ಟಿಯನ್ನು ಎರಡು ಸಲ ಬಡಿದು, ತಲೆಯೆತ್ತಿ ನೋಡಿ, 'ಹ್ಞೂಂ' ಅಂದಳು. ಆ ಕಿಡಕಿಯಿಂದ ಅವಳ ನೋಟ ನಡುಮನೆ, ಪಡಸಾಲೆ ದಾಟಿ ಕಟ್ಟೆಯ ಮೇಲಿನ ಚಪ್ಪಲಿಯ ತನಕ ಹೋಗುತ್ತಿತ್ತು. ಪಡಸಾಲೆಯಲ್ಲಿ ಕೂತ ಗಂಡಸರಿಗೆ ಮಾತ್ರ ಅವಳು ಕಾಣುತ್ತಿರಲಿಲ್ಲ, ಅವರ ಕಣ್ಣಿನ ಎತ್ತರವೇ ಬೇರೆ. ಕಿಡಕಿಯ ಸಾಗುವಾನಿ ಚೌಕಟ್ಟಿಗೆ ಹಣ ಬಂದದ್ದು ಅವಳ ಒಂದು ಜೋಡಿ ಪಾಟಲಿಯಿಂದ. ಈ ಸಂಗತಿ ನಮ್ಮವ್ವ ಎಷ್ಟೋ ವರ್ಷದ ಮೇಲೆ ಹೇಳಿದಳು. ಮನೆ ದುರಸ್ತಿ ಮಾಡಿಸಿದವರು ಯಾರೆಂದು ಊರಲ್ಲಿ ಕೇಳಿದರೆ ಅಜ್ಜನ ಹೆಸರೇ ಬರುತ್ತಿತ್ತು.

ಇದನ್ನು ವಿನ್ಯಾಸ ಎನ್ನದೆ ಏನನ್ನಬೇಕು? ಕೂರುವ ಎತ್ತರ ಗೊತ್ತುಮಾಡಿಕೊಂಡು ಅಲ್ಲಿಂದ ನೋಟದ ಗೆರೆ ಎಳೆಯುವುದನ್ನು ಇಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಹೆಣ್ಣುಮಕ್ಕಳಿಗೆ ನಕ್ಷೆ ಬರುತ್ತಿರಲಿಲ್ಲ ಎನ್ನುವವರಿಗೆ ನಾನು ಕಸೂತಿ ತೋರಿಸುತ್ತೇನೆ. ನಮ್ಮ ಧಾರವಾಡದ ಕಸೂತಿಗೆ ಗೀಚಿಕೊಂಡ ಗೆರೆ ಇಲ್ಲ. ಇಳಕಲ್ ಸೀರೆಯ ನೂಲಿನ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ, ಮುರಗಿಯ ಹೊಲಿಗೆಯಲ್ಲಿ ಮೇಲೂ ಕೆಳಗೂ ಒಂದೇ ಚಿತ್ರ, ಗಂಟು ಎಲ್ಲೂ ಕಾಣಬಾರದು. ಆ ಎಣಿಕೆಯೊಳಗೆ ಅವರು ತೆಗೆದ ಚಿತ್ರಗಳಾದರೂ ಯಾವುವು? ಗೋಪುರ, ತೇರು, ತುಳಸಿಕಟ್ಟೆ, ತೊಟ್ಟಿಲು. ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗುವ ಗೋಪುರವನ್ನು ಎಳೆ ಎಣಿಸಿ ಎಬ್ಬಿಸಿದವಳಿಗೆ ಕಿಡಕಿಯ ಗೇಣು ಯಾವ ಲೆಕ್ಕ!

ಒಲೆಯನ್ನೇ ನೋಡಿ. ಮನೆಯೊಳಗೆ ಪೂರ್ತಿಯಾಗಿ ಹೆಂಗಸರ ಕೈಯಲ್ಲಿ ಹುಟ್ಟುವ ಕಟ್ಟಡ ಅದೊಂದೇ. ಮಣ್ಣು ಸೋಸಿ, ಹೊಟ್ಟು ಸೇರಿಸಿ, ತುಳಿದು, ನಾಲ್ಕು ದಿನ ಕೊಳೆಹಾಕಿ, ಗಾಳಿ ಬರುವ ದಿಕ್ಕು ನೋಡಿ ಬಾಯಿ ಇಟ್ಟು, ಮುಖ್ಯ ಒಲೆಯ ಬಿಸಿ ಪಕ್ಕದ ಕೋಡೊಲೆಗೆ ಹರಿಯುವಂತೆ ಒಳಗೇ ದಾರಿ ಬಿಡುತ್ತಾರೆ. ಒಂದರ ಮೇಲೆ ರೊಟ್ಟಿಯ ಹಂಚು, ಇನ್ನೊಂದರ ಮೇಲೆ ಬೇಳೆ. ಸೌದೆ ಒಂದೇ ಪಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದ ವಿಜ್ಞಾನಿಗಳು ಮೂರು ಪಾತ್ರೆಯ, ಹೊಗೆ ಕೊಳವೆಯ ಅಸ್ತ್ರ ಒಲೆ ಮಾಡಿದಾಗ ಹೊಗೆಯೂ ಸೌದೆಯೂ ಕಡಿಮೆಯಾದವು. ಅದು ದೊಡ್ಡ ಉಪಕಾರ. ಆದರೆ ಒಂದು ಬೆಂಕಿಯನ್ನು ಎರಡು ಪಾತ್ರೆಗೆ ದುಡಿಸಬೇಕೆಂಬ ವಿಚಾರ ಹಳ್ಳಿಯ ಕೋಡೊಲೆಯಲ್ಲಿ ಮೊದಲೇ ಇತ್ತು ಎಂಬುದನ್ನೂ ನೆನೆಯಬೇಕು.

ಪಡಸಾಲೆ ದಾಟಿದ ದನಿ

ಇನ್ನು ಹುಬ್ಬಳ್ಳಿಗೆ ಬರುತ್ತೇನೆ. ದೇಶಪಾಂಡೆ ನಗರದಲ್ಲಿ 'ಗಂಗಾಲಹರಿ' ಎಂಬ ಮನೆ ಇದೆ. ಗಂಗೂಬಾಯಿ ಹಾನಗಲ್ ಅವರ ಮನೆ. ಇಲ್ಲಿ ಕಥೆ ತಿರುಗುತ್ತದೆ.

ಅವರು ಹುಟ್ಟಿದ್ದು 1913ರಲ್ಲಿ, ಧಾರವಾಡದ ಶುಕ್ರವಾರಪೇಟೆಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅವರ ಹಾಡು ಕೇಳಲು ಅಬ್ದುಲ್ ಕರೀಂ ಖಾನ್ ಸಾಹೇಬರಂಥವರು ಆ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಮಗಳಿಗೆ ಹಿಂದೂಸ್ತಾನಿ ಕಲಿಸಬೇಕೆಂದು 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂತು. ಮಗಳ ವಿದ್ಯೆಗಾಗಿ ಊರನ್ನೇ ಬದಲಿಸಿದ ಮನೆ ಆ ಕಾಲಕ್ಕೆ ಎಷ್ಟಿದ್ದೀತು? ಮುಂದೆ ಗಂಗೂಬಾಯಿ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತ ಬಂದದ್ದು ನಿಮಗೆಲ್ಲ ಗೊತ್ತು. ವಾಡೆಯ ಪಡಸಾಲೆ ಊರ ಗಂಡಸರ ಪಂಚಾಯಿತಿಯ ಜಾಗ. ಅದೇ ಪಡಸಾಲೆಯ ನಡುವೆ ಒಬ್ಬ ಹೆಂಗಸು ಕೂತು, ಗಂಡುದನಿಯಂಥ ದನಿಯಲ್ಲಿ ಇಡೀ ವಾಡೆಯನ್ನು ತುಂಬಿದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ.

ದುಡಿದು ಮನೆ ನಡೆಸಿದ್ದು ಹೆಣ್ಣು, ಮನೆಗೆ ಹೆಸರು ಬಂದದ್ದು ಹೆಣ್ಣಿನಿಂದ. ತಾಯಿಯಿಂದ ಮಗಳಿಗೆ ಹಾಡು ಹರಿದ ಮನೆತನ ಅದು. ಅಂಥ ಮನೆತನಗಳನ್ನು ಸಮಾಜ ಕೀಳಾಗಿ ಕಂಡಿತು. ಗಂಗೂಬಾಯಿ ಆ ನೋವನ್ನು ಮುಚ್ಚಿಡಲಿಲ್ಲ, 'ನನ್ನ ಬದುಕಿನ ಹಾಡು' ಎಂಬ ಆತ್ಮಕಥೆ ಬರೆದರು. 2002ರಲ್ಲಿ ಪದ್ಮವಿಭೂಷಣ ಬಂತು, 2009ರಲ್ಲಿ ಅವರು ಹೋದರು. ಮನೆ ಉಳಿಯಿತು. ಮರ್ಯಾದೆಯ ಮನೆಗಳು ಹೆಣ್ಣಿನ ಹೆಸರನ್ನು ಒಳಗಿಟ್ಟಾಗ, ಆ ಮನೆಗಳು ಹತ್ತಿರ ಸೇರಿಸದ ಮನೆಯೊಂದು ಹೆಣ್ಣಿನ ಹೆಸರಿನಲ್ಲೇ ನಿಂತಿತು ಎಂಬುದು ನಾವು ತಲೆತಗ್ಗಿಸಿ ಒಪ್ಪಬೇಕಾದ ಮಾತು.

ಕಾಗದದ ಮನೆ

ಗೋಡೆಗೆ ತಳಪಾಯ ಹೇಗೋ ಮನೆಗೆ ಕಾಗದ ಹಾಗೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ವಿಜ್ಞಾನೇಶ್ವರ ಮಿತಾಕ್ಷರಾ ಬರೆದಾಗ ಸ್ತ್ರೀಧನದ ಅರ್ಥವನ್ನು ಅಗಲ ಮಾಡಿದ. ತವರಿನ ಉಡುಗೊರೆಯಷ್ಟೇ ಅಲ್ಲ, ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿಗೆ ಬಂದದ್ದು ಕೂಡ ಅವಳದೇ ಎಂದ. ನಮ್ಮ ನೆಲದಲ್ಲಿ ಹುಟ್ಟಿದ ಈ ಮಾತನ್ನು ಬ್ರಿಟಿಷ್ ಕಾಲದ ನ್ಯಾಯಾಲಯಗಳು ಕಿರಿದು ಮಾಡಿದವು. ವಿಧವೆಗೆ ಗಂಡನಿಂದ ಬಂದ ಮನೆ ಅವಳು ಬದುಕಿರುವ ತನಕ ಮಾತ್ರ, ಮಾರಲು, ಬರೆದುಕೊಡಲು ಅವಳಿಗೆ ಪೂರ್ಣ ಅಧಿಕಾರವಿಲ್ಲ. 1937ರ ಕಾಯಿದೆಯೂ ಆ ಮಿತಿಯನ್ನು ತೆಗೆಯಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಅದನ್ನು ತೆಗೆಯಿತು.

ಆದರೆ ಅದೇ ಕಾಯಿದೆಯ 23ನೆಯ ಕಲಮು ಮನೆಯ ಹೊಸ್ತಿಲಲ್ಲೇ ಅಡ್ಡ ಮಲಗಿತ್ತು. ಕುಟುಂಬ ವಾಸವಾಗಿರುವ ಮನೆಯಲ್ಲಿ ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ಮದುವೆಯಾಗದ, ಗಂಡ ಬಿಟ್ಟ, ಗಂಡ ಸತ್ತ ಮಗಳಿಗೆ ಇರಲು ಜಾಗ ಉಂಟು, ಅಷ್ಟೆ. ಹೊಲದಲ್ಲಿ ಪಾಲು ಕೇಳಬಹುದು, ಹುಟ್ಟಿದ ಮನೆಯಲ್ಲಿ ಕೇಳಬಾರದು! ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಮಗಳನ್ನೂ ಹುಟ್ಟಿನಿಂದಲೇ ಸಮಪಾಲುದಾರಳನ್ನಾಗಿ ಮಾಡಿತು, ಅದಕ್ಕೂ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ಅಳಿಸಿ, 23ನೆಯ ಕಲಮನ್ನೇ ಕಿತ್ತುಹಾಕಿತು. ಚಾಲುಕ್ಯರ ಕಾಲದ ಕಲ್ಯಾಣದಲ್ಲಿ ಬಿದ್ದ ಬೀಜ ಮೊಳೆಯಲು ಒಂಬತ್ತು ನೂರು ವರ್ಷ.

ಕಾಗದದ ಇನ್ನೊಂದು ಬಗೆ ನಕ್ಷೆ. 1936ರಲ್ಲಿ ಮುಂಬಯಿಯ ಜೆ.ಜೆ. ಶಾಲೆಯಿಂದ ಪೆರಿನ್ ಮಿಸ್ತ್ರಿ ವಾಸ್ತುಶಿಲ್ಪದ ಪದವಿ ಪತ್ರ ಪಡೆದರು, ದೇಶದ ಮೊದಲ ವೃತ್ತಿಪರ ಮಹಿಳಾ ವಾಸ್ತುಶಿಲ್ಪಿ ಎಂದು ಅವರನ್ನು ಎಣಿಸುತ್ತಾರೆ. ಧಾರವಾಡ ಆಗ ಅದೇ ಮುಂಬಯಿ ಪ್ರಾಂತದ ಜಿಲ್ಲೆ. ಇಂದು ನಮ್ಮ ಊರಲ್ಲೇ ವಾಸ್ತುಶಿಲ್ಪ ಓದುವ ಹುಡುಗಿಯರು ಹೆಗಲಿಗೆ ನಕ್ಷೆಯ ಕೊಳವೆ ಹಾಕಿಕೊಂಡು ಬಸ್ಸಿಗೆ ನಿಂತಿರುತ್ತಾರೆ. ಅವರಿಗೆ ನನ್ನದೊಂದು ಕೋರಿಕೆ. ನೀವು ವಾಡೆಗಳ ಅಳತೆ ತೆಗೆಯಲು ಹೋದಾಗ ಪಡಸಾಲೆಯ ಕಂಬದ ಬೋದಿಗೆಯ ಚಿತ್ರ ತೆಗೆದುಕೊಂಡು ಹೊರಟುಬಿಡಬೇಡಿ. ಒಳಗೆ ಹೋಗಿ, ಒಲೆ ಇದ್ದ ಜಾಗದಲ್ಲಿ ಕೂತು, ಅಲ್ಲಿಂದ ಏನು ಕಾಣುತ್ತದೆ ಎಂದು ಬರೆದುಕೊಳ್ಳಿ. ಬೆಳಕಿಂಡಿ ಯಾರು ತೆರೆಸಿದರು, ಬಾಣಂತಿಯ ಕೋಣೆಗೆ ಬಾಗಿಲು ಯಾಕೆ ಹೀಗಿದೆ, ಯಾರ ಬಂಗಾರ ಯಾವ ಕಂಬವಾಯಿತು ಎಂದು ಹಿರಿಯ ಹೆಂಗಸರನ್ನು ಕೇಳಿ. ಅವರು ಹೋದರೆ ಆ ಲೆಕ್ಕ ಹೇಳುವವರಿಲ್ಲ. ಮನೆ ಉಳಿಸುವ ಸಂಸ್ಥೆಗಳು ಗೋಡೆಯ ಮೇಲೆ ಫಲಕ ಹಾಕುವಾಗ ಕಟ್ಟಿಸಿದವನ ಹೆಸರಿನ ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಡಲಿ.

ಮುಗಿಸುವ ಮುನ್ನ ಅಜ್ಜಿಯ ಕಿಡಕಿಗೆ ಮತ್ತೆ ಹೋಗಬೇಕು. ಅಜ್ಜಿ ಹೋಗಿ ಕೆಲವು ವರ್ಷಕ್ಕೆ ಮನೆಯ ವಾಟ್ನಿ ಆಯಿತು. ನಮ್ಮವ್ವ ಮತ್ತು ಅವಳ ಅಕ್ಕ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ಸೀರೆ-ಕುಪ್ಪಸ ಬಂತು, ಅರಿಷಿಣ-ಕುಂಕುಮ ಬಂತು, ಹೋಳಿಗೆ ಊಟವಾಯಿತು. ವಾಟ್ನಿ ಪತ್ರದಲ್ಲಿ ನಾಲ್ಕೂ ದಿಕ್ಕಿನ ಚಕ್ಕುಬಂದಿ ಇತ್ತು, ಚದರಡಿ ಇತ್ತು, ತೊಲೆ ಎಷ್ಟು, ಬಾಗಿಲು ಎಷ್ಟು ಎಂಬ ಲೆಕ್ಕವೂ ಇತ್ತು. ಎರಡು ಪಾಲಿನ ನಡುವೆ ನಡುಮನೆಯಲ್ಲಿ ಒಂದು ಇಟ್ಟಿಗೆ ಗೋಡೆ ಎದ್ದಿತು.

ಮುಂದಿನ ಪಂಚಮಿಗೆ ಅವ್ವನ ಜೊತೆ ನಾನೂ ಹೋಗಿದ್ದೆ. ಅವಳು ಅಡುಗೆಮನೆಗೆ ಹೋಗಿ, ಒಲೆ ಇದ್ದ ಜಾಗದಲ್ಲಿ ಸುಮ್ಮನೆ ಕೂತಳು. ಈಗ ಅಲ್ಲಿ ಗ್ಯಾಸಿನ ಸಿಲಿಂಡರು. ತಲೆ ಎತ್ತಿ ಕಿಡಕಿಯಿಂದ ನೋಡಿದಳು. ಸಾಗುವಾನಿ ಚೌಕಟ್ಟು ಹಾಗೇ ಇತ್ತು, ಅದರ ಆಚೆ ಮೂರು ಮೊಳ ದೂರಕ್ಕೆ ಹೊಸ ಗೋಡೆ. ಬಹಳ ಹೊತ್ತು ನೋಡಿ ಅವ್ವ ಒಂದೇ ಮಾತು ಅಂದಳು.

'ನಮ್ಮವ್ವ ಇದ್ದಿದ್ರ ಗ್ವಾಡಿ ಇಲ್ಲಿ ಹಾಕಸ್ತಿದ್ದಿಲ್ಲ.'